ಡಿಸ್ಕೋ: ಒಂದು ತಾಳದ ಹುಟ್ಟು, ಸೋಲು, ಉಳಿವು



ಗುಬ್ಬಿ ತಾಲ್ಲೂಕಿನ ಬಿದರೆಹಳ್ಳಿ ಕಾವಲಿನಂಥ ಊರಿನಲ್ಲಿ ಗಣಪತಿ ಕೂರಿಸಿದ್ದಾರೆ, ರಾತ್ರಿ ಆರ್ಕೆಸ್ಟ್ರಾ ನಡೆಯುತ್ತಿದೆ ಎಂದುಕೊಳ್ಳಿ. ವೇದಿಕೆಯ ಮುಂದೆ ನಿಂತರೆ ಗಾಯಕನ ಮಾತು, ಕೀಬೋರ್ಡು, ಗಿಟಾರು ಎಲ್ಲವೂ ಬಿಡಿಬಿಡಿಯಾಗಿ ಕೇಳುತ್ತವೆ. ಅಲ್ಲಿಂದ ಊರಾಚೆಯ ತೆಂಗಿನ ತೋಟದವರೆಗೆ ನಡೆದು ಹೋಗಿ. ಮೊದಲು ಮಾತು ಮಸುಕಾಗುತ್ತದೆ, ಆಮೇಲೆ ರಾಗವೂ ಕರಗುತ್ತದೆ. ಕೊನೆಗೆ ಉಳಿಯುವುದು ‘ಧಂ, ಧಂ, ಧಂ, ಧಂ’ ಎಂಬ ಪೆಟ್ಟು ಮಾತ್ರ. ಇದಕ್ಕೆ ಕಾರಣ ಭೌತಶಾಸ್ತ್ರದಲ್ಲಿದೆ. ಹೆಚ್ಚು ಆವೃತ್ತಿಯ ಶಬ್ದವನ್ನು ಗಾಳಿ ಬೇಗ ಹೀರಿಕೊಳ್ಳುತ್ತದೆ, ಗೋಡೆಗಳು ತಡೆಯುತ್ತವೆ. ಸೆಕೆಂಡಿಗೆ 60 ಬಾರಿ ಕಂಪಿಸುವ ಶಬ್ದದ ಅಲೆಯುದ್ದವಾದರೋ ಗಾಳಿಯಲ್ಲಿ ಸುಮಾರು 5.7 ಮೀಟರ್. ಅಷ್ಟು ಉದ್ದದ ಅಲೆ ಮನೆಯ ಮೂಲೆಗಳನ್ನು ಬಳಸಿಕೊಂಡು ಬಹುದೂರ ಬರುತ್ತದೆ.

ಸಮ ಅಂತರದಲ್ಲಿ ಬೀಳುವ ಈ ಪೆಟ್ಟಿಗೆ ಒಂದು ಚರಿತ್ರೆಯಿದೆ. ಅದರ ಹೆಸರು ಡಿಸ್ಕೋ. ಆ ಚರಿತ್ರೆಯಲ್ಲಿ ಬೆಂಗಳೂರಿನ ಒಬ್ಬ ಯುವಕನ ಪಾಲೂ ಇದೆ.

ಪೆಟ್ಟಿನ ಲೆಕ್ಕ

ಫ್ರೆಂಚ್ ಭಾಷೆಯಲ್ಲಿ ‘ಡಿಸ್ಕೋತೆಕ್’ ಎಂದರೆ ಗ್ರಾಮಫೋನ್ ತಟ್ಟೆಗಳ ಭಂಡಾರ. ವಾದ್ಯಗಾರರಿಲ್ಲದೆ, ತಟ್ಟೆಗಳನ್ನೇ ನುಡಿಸಿ ಜನರನ್ನು ಕುಣಿಸುವ ಜಾಗಕ್ಕೆ ಆ ಹೆಸರು ಬಂತು. ಅದರ ಮೊಟಕು ರೂಪವೇ ಡಿಸ್ಕೋ.

ಅಲ್ಲಿಯವರೆಗಿನ ಪಾಪ್ ಸಂಗೀತದಲ್ಲಿ ನಾಲ್ಕು ಎಣಿಕೆಗಳಲ್ಲಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಒತ್ತು ಬೀಳುವುದು ವಾಡಿಕೆ. ಡಿಸ್ಕೋದಲ್ಲಿ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮು ನಾಲ್ಕೂ ಎಣಿಕೆಗಳಲ್ಲಿ ಸಮನಾಗಿ ಬೀಳುತ್ತದೆ. ಎರಡು ಪೆಟ್ಟುಗಳ ನಡುವಿನ ಜಾಗದಲ್ಲಿ ಜೋಡಿ ತಾಳಗಳು ‘ತ್ಸ್’ ಎಂದು ತೆರೆದುಕೊಳ್ಳುತ್ತವೆ. 1973ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಡ್ರಮ್ಮರ್ ಅರ್ಲ್ ಯಂಗ್ ‘ದಿ ಲವ್ ಐ ಲಾಸ್ಟ್’ ಎಂಬ ಹಾಡಿಗೆ ನುಡಿಸಿದ ನಡೆಯೇ ಇದಕ್ಕೆ ಮಾದರಿಯಾಯಿತು. ಇದರ ಸಾಮಾನ್ಯ ವೇಗ ನಿಮಿಷಕ್ಕೆ ಸುಮಾರು 120 ಪೆಟ್ಟು, ಅಂದರೆ ಸೆಕೆಂಡಿಗೆ ಎರಡು. ಚುರುಕಾಗಿ ನಡೆಯುವವನ ಹೆಜ್ಜೆಯೂ ಹೆಚ್ಚುಕಡಿಮೆ ಇದೇ ವೇಗದ್ದು. ಆದ್ದರಿಂದ ಕುಣಿತ ಕಲಿಯದವನ ಕಾಲೂ ಇದಕ್ಕೆ ಕೂಡಿಕೊಳ್ಳುತ್ತದೆ.

ತಟ್ಟೆಯ ರೂಪವೂ ಬದಲಾಯಿತು. ಆಗ ಒಂದೊಂದೇ ಹಾಡು ಏಳು ಇಂಚಿನ ಸಣ್ಣ ತಟ್ಟೆಯಲ್ಲಿ ಬರುತ್ತಿತ್ತು. ಗಂಭೀರ ನಾದವನ್ನು ಗಟ್ಟಿಯಾಗಿ ಕೊರೆದಷ್ಟೂ ತಟ್ಟೆಯ ಗೀರು ಅಕ್ಕಪಕ್ಕಕ್ಕೆ ಹೆಚ್ಚು ಓಲಾಡುತ್ತದೆ, ಅದಕ್ಕೆ ಅಗಲವಾದ ಜಾಗ ಬೇಕು. ಸಣ್ಣ ತಟ್ಟೆಯಲ್ಲಿ ಜಾಗ ಎಲ್ಲಿಂದ ಬರಬೇಕು? ಹನ್ನೆರಡು ಇಂಚಿನ ತಟ್ಟೆಯಲ್ಲಿ ಒಂದೇ ಹಾಡನ್ನು ಕೊರೆದಾಗ ಧ್ವನಿಯೂ ಗಟ್ಟಿಯಾಯಿತು, ಹಾಡೂ ಉದ್ದವಾಯಿತು. ಇಂಥ ತಟ್ಟೆಗಳು 1976ರಲ್ಲಿ ಮಾರುಕಟ್ಟೆಗೆ ಬಂದವು. ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆಯನ್ನು ಹೊಂದಿಸುವ ವಿದ್ಯೆಯೂ ಬೆಳೆಯಿತು. 118 ಪೆಟ್ಟಿನ ಹಾಡನ್ನು 120ಕ್ಕೆ ಏರಿಸಲು ತಟ್ಟೆಯ ವೇಗವನ್ನು ಶೇಕಡಾ 1.7ರಷ್ಟು ಹೆಚ್ಚಿಸಿದರೆ ಸಾಕು. ಶ್ರುತಿ ಏರಿದ್ದು ಕುಣಿಯುವವರಿಗೆ ತಿಳಿಯುವುದಿಲ್ಲ.

ಯಾರ ಸಂಗೀತ?

1970ರಲ್ಲಿ ನ್ಯೂಯಾರ್ಕಿನ ಡೇವಿಡ್ ಮಾನ್ಕುಸೊ ತಾನು ವಾಸವಿದ್ದ ಮಾಳಿಗೆಯಲ್ಲೇ ಕುಣಿತದ ಕೂಟ ಆರಂಭಿಸಿದರು. ಇಂಥ ಕೂಟಗಳಿಗೆ ಬರುತ್ತಿದ್ದವರಲ್ಲಿ ಕರಿಯರು, ಲ್ಯಾಟಿನ್ ಅಮೆರಿಕ ಮೂಲದವರು, ಸಲಿಂಗಿಗಳು ಬಹಳ ಮಂದಿ. ಊರಿನ ಬೇರೆ ಬಾಗಿಲುಗಳು ಇವರಿಗೆ ಸುಲಭವಾಗಿ ತೆರೆಯುತ್ತಿರಲಿಲ್ಲ. ಕತ್ತಲೆಯ ಕೋಣೆ, ಸಮನಾದ ಪೆಟ್ಟು, ಮೇಲೊಂದು ಕನ್ನಡಿ ಚೂರುಗಳ ಚೆಂಡು. ಅಲ್ಲಿ ಯಾರು ಮೇಲು, ಯಾರು ಕೀಳು ಎಂಬ ಪ್ರಶ್ನೆ ಸ್ವಲ್ಪ ಹೊತ್ತಾದರೂ ಮರೆಯಾಗುತ್ತಿತ್ತು.

1977ರಲ್ಲಿ ‘ಸ್ಯಾಟರ್ಡೇ ನೈಟ್ ಫೀವರ್’ ಚಿತ್ರ ಡಿಸ್ಕೋವನ್ನು ಜಗತ್ತಿಗೆಲ್ಲ ಹಂಚಿತು. ಅದೇ ವರ್ಷ ಡೊನಾ ಸಮ್ಮರ್ ಹಾಡಿದ ‘ಐ ಫೀಲ್ ಲವ್’ ಬಂತು. ಜಾರ್ಜಿಯೋ ಮೊರೊಡರ್ ಮತ್ತು ಪೀಟ್ ಬೆಲೊಟ್ ಮ್ಯೂನಿಕ್‌ನಲ್ಲಿ ತಯಾರಿಸಿದ ಆ ಹಾಡಿನಲ್ಲಿ ಕಂಠ ಮತ್ತು ದೊಡ್ಡ ಡ್ರಮ್ಮಿನ ಪೆಟ್ಟು ಬಿಟ್ಟರೆ ಉಳಿದದ್ದು ಬಹುಮಟ್ಟಿಗೆ ಸಿಂಥಸೈಜರ್ ನಾದ. ಮುಂದಿನ ವಿದ್ಯುನ್ಮಾನ ಸಂಗೀತಕ್ಕೆ ಅದು ಬೀಜವಾಯಿತು.

ಬೆಂಗಳೂರಿನ ಬಿಡ್ಡು

ಈಗ ನಮ್ಮ ಮನೆಯ ಕಡೆ ತಿರುಗೋಣ. ಕೊಡವ ಮೂಲದ ಬಿಡ್ಡು ಅಪ್ಪಯ್ಯ ಹುಟ್ಟಿದ್ದು ಬೆಂಗಳೂರಿನಲ್ಲಿ. ರೇಡಿಯೋ ಸಿಲೋನ್ ಕೇಳುತ್ತ ಪಾಪ್ ಹಾಡುಗಳಿಗೆ ಮನಸೋತ ಅವರು ಗೆಳೆಯರೊಡನೆ ‘ಟ್ರೋಜನ್ಸ್’ ಎಂಬ ತಂಡ ಕಟ್ಟಿ ಕಲ್ಕತ್ತೆ, ಬೊಂಬಾಯಿಗಳಲ್ಲೂ ಹಾಡಿದರು. 1960ರ ದಶಕದ ಕೊನೆಯ ಭಾಗದಲ್ಲಿ ಲಂಡನ್ ಸೇರಿ, ಹೊಟ್ಟೆಪಾಡಿಗೆ ಅಡುಗೆಮನೆಯಲ್ಲಿ ದುಡಿದು, ಸಂಗೀತಕ್ಕೆ ದಾರಿ ಹುಡುಕಿದರು. 1974ರಲ್ಲಿ ಅವರ ನಿರ್ದೇಶನದಲ್ಲಿ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫೂ ಫೈಟಿಂಗ್’ ತಟ್ಟೆಯ ಹಿಂಬದಿಗೆಂದು, ಉಳಿದ ಅಲ್ಪ ಸಮಯದಲ್ಲಿ ಅವಸರವಾಗಿ ಮುದ್ರಣಗೊಂಡ ಹಾಡು. ಅದೇ ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು!

1980ರಲ್ಲಿ ಫಿರೋಜ್ ಖಾನ್ ಅವರ ‘ಕುರ್ಬಾನಿ’ ಚಿತ್ರಕ್ಕೆ ಬಿಡ್ಡು ಒಂದು ಹಾಡು ಮಾಡಿಕೊಟ್ಟರು. ಹಾಡಿದವಳು ಲಂಡನ್ನಿನಲ್ಲಿದ್ದ ಪಾಕಿಸ್ತಾನಿ ಬಾಲೆ ನಾಜಿಯಾ ಹಸನ್. ವಯಸ್ಸು ಹದಿನೈದು, ನಿಮ್ಮಲ್ಲಿ ಹಲವರ ವಯಸ್ಸೇ! ಮರುವರ್ಷ ಇಬ್ಬರೂ ಸೇರಿ ‘ಡಿಸ್ಕೋ ದೀವಾನೆ’ ತಂದರು. ಬೆಂಗಳೂರಿನ ಸಂಯೋಜಕ, ಕರಾಚಿಯಲ್ಲಿ ಹುಟ್ಟಿದ ಗಾಯಕಿ, ಲಂಡನ್ನಿನ ಧ್ವನಿಮುದ್ರಣ. ಗಡಿಯ ಎರಡೂ ಬದಿಯ ಜನ ಅದಕ್ಕೆ ಕುಣಿದರು. 1982ರಲ್ಲಿ ಬಪ್ಪಿ ಲಾಹಿರಿ ಸಂಗೀತದ ‘ಡಿಸ್ಕೋ ಡಾನ್ಸರ್’ ಸೋವಿಯತ್ ಒಕ್ಕೂಟದವರೆಗೂ ಹೋಯಿತು. ಬಪ್ಪಿ ಲಾಹಿರಿ 1986ರಲ್ಲಿ ದ್ವಾರಕೀಶರ ‘ಆಫ್ರಿಕಾದಲ್ಲಿ ಶೀಲಾ’ ಮೂಲಕ ಕನ್ನಡಕ್ಕೂ ಬಂದರು. ಅದಕ್ಕೂ ಮೊದಲೇ, 1981ರಲ್ಲಿ, ಶಂಕರ್‌ನಾಗ್ ಅವರ ‘ಗೀತಾ’ ಚಿತ್ರಕ್ಕೆ ಇಳಯರಾಜ ಕೊಟ್ಟ ಕುಣಿತದ ಹಾಡನ್ನು ನಮ್ಮ ಆರ್ಕೆಸ್ಟ್ರಾಗಳು ಇನ್ನೂ ಬಿಟ್ಟಿಲ್ಲ.

ನಮ್ಮ ಕಿವಿಗೆ ಈ ತಾಳ ಅಷ್ಟು ಬೇಗ ಹೊಂದಿದ್ದೇಕೆ? ಎಂಟು ಎಣಿಕೆಯ ಆದಿತಾಳ, ಎಂಟು ಮಾತ್ರೆಯ ಕಹರ್ವಾ ನಮಗೆ ಮೊದಲೇ ಪರಿಚಿತ. ನಾಲ್ಕರ ಎರಡು ಆವರ್ತ ಅದರೊಳಗೆ ಸಲೀಸಾಗಿ ಕೂರುತ್ತದೆ.

ಸುಟ್ಟ ತಟ್ಟೆಗಳು

ಸ್ವಾರಸ್ಯವೆಂದರೆ, ಭಾರತದಲ್ಲಿ ಡಿಸ್ಕೋ ಮೈದುಂಬುವ ಹೊತ್ತಿಗೆ ಅಮೆರಿಕ ಅದಕ್ಕೆ ಗೋರಿ ತೋಡಿತ್ತು. ಕಂಪನಿಗಳು ಒಂದೇ ಅಚ್ಚಿನ ಹಾಡುಗಳನ್ನು ರಾಶಿ ಹಾಕಿ ಕೇಳುಗರಿಗೆ ಬೇಸರ ತರಿಸಿದ್ದು ಒಂದು ಕಾರಣ. ಇನ್ನೊಂದು ಕಾರಣ ಅಷ್ಟು ಮುಗ್ಧವಲ್ಲ. 1979ರ ಜುಲೈ 12ರಂದು ಷಿಕಾಗೊದ ಬೇಸ್‌ಬಾಲ್ ಮೈದಾನದಲ್ಲಿ, ರೇಡಿಯೋ ನಿರೂಪಕ ಸ್ಟೀವ್ ಡಾಲ್ ಮುಂದಾಳತ್ವದಲ್ಲಿ ಡಿಸ್ಕೋ ತಟ್ಟೆಗಳ ಪೆಟ್ಟಿಗೆಯನ್ನು ಸಿಡಿಮದ್ದಿಟ್ಟು ಹಾರಿಸಲಾಯಿತು. ತಟ್ಟೆ ತಂದವರಿಗೆ ಪ್ರವೇಶ ಕೇವಲ 98 ಸೆಂಟ್. ಜನ ಮೈದಾನಕ್ಕೆ ನುಗ್ಗಿ ಎರಡನೆಯ ಪಂದ್ಯವೇ ನಡೆಯಲಿಲ್ಲ. ಅಂದು ಅಲ್ಲಿ ಪ್ರೇಕ್ಷಕರಿಗೆ ಆಸನ ತೋರಿಸುವ ಕೆಲಸದಲ್ಲಿದ್ದ ಕರಿಯ ಯುವಕ ವಿನ್ಸ್ ಲಾರೆನ್ಸ್, ಜನ ತಂದ ತಟ್ಟೆಗಳಲ್ಲಿ ಡಿಸ್ಕೋ ಅಲ್ಲದ, ಕರಿಯ ಕಲಾವಿದರ ತಟ್ಟೆಗಳೂ ಇದ್ದುದನ್ನು ಮುಂದೆ ನೆನೆದರು. ಸಿಟ್ಟು ತಾಳದ ಮೇಲಿತ್ತೋ, ತಾಳ ಕೊಟ್ಟವರ ಮೇಲಿತ್ತೋ? ನೀವೇ ಯೋಚಿಸಿ.

ಇಂಥದ್ದು ಪರದೇಶದಲ್ಲಿ ಮಾತ್ರ ನಡೆಯುವುದಲ್ಲ. ಯುರೋಪಿನಿಂದ ಬಂದ ಹಾರ್ಮೋನಿಯಂ ಗುಬ್ಬಿ ವೀರಣ್ಣನವರ ಕಂಪನಿಯಂಥ ನಾಟಕ ಮಂಡಳಿಗಳ ಉಸಿರಾಗಿತ್ತು. ಅದೇ ವಾದ್ಯವನ್ನು ‘ನಮ್ಮ ಸಂಗೀತಕ್ಕೆ ತಕ್ಕುದಲ್ಲ’ ಎಂದು ಆಕಾಶವಾಣಿ 1940ರಿಂದ ಸುಮಾರು ಮೂರು ದಶಕ ಹೊರಗಿಟ್ಟಿತ್ತು. ಆದರೂ ಹಳ್ಳಿಯ ನಾಟಕವಾಗಲಿ ಭಜನೆಯಾಗಲಿ ಅದನ್ನು ಕೈಬಿಡಲಿಲ್ಲ.

ಉಳಿದದ್ದೇನು?

ಡಿಸ್ಕೋ ಕೂಡ ಹೆಸರು ಬದಲಿಸಿಕೊಂಡು ಉಳಿಯಿತು. ತಟ್ಟೆ ಸುಟ್ಟ ಷಿಕಾಗೊದಲ್ಲೇ ಫ್ರಾಂಕಿ ನಕಲ್ಸ್ ‘ವೇರ್‌ಹೌಸ್’ ಎಂಬ ಕ್ಲಬ್ಬಿನಲ್ಲಿ ಅದನ್ನು ಕಾಪಾಡಿದರು. ಅಲ್ಲಿಂದ ‘ಹೌಸ್’ ಸಂಗೀತ ಬೆಳೆಯಿತು. ಅದರ ಮೊದಮೊದಲ ತಟ್ಟೆಗಳಲ್ಲೊಂದನ್ನು 1984ರಲ್ಲಿ ಹೊರತಂದವರಲ್ಲಿ ಅದೇ ವಿನ್ಸ್ ಲಾರೆನ್ಸ್ ಇದ್ದರು! 1979ರಲ್ಲಿ ರ‍್ಯಾಪ್ ಸಂಗೀತದ ಮೊದಲ ದೊಡ್ಡ ಯಶಸ್ಸು ‘ರ‍್ಯಾಪರ್ಸ್ ಡಿಲೈಟ್’ ನಿಂತದ್ದು ‘ಷೀಕ್’ ಎಂಬ ಡಿಸ್ಕೋ ತಂಡದ ನಡೆಯ ಮೇಲೆ. ಆ ತಂಡದ ಗಿಟಾರ್ ವಾದಕ ನೈಲ್ ರಾಜರ್ಸ್ 2013ರಲ್ಲಿ ಡಾಫ್ಟ್ ಪಂಕ್ ಜೊತೆ ನುಡಿಸಿ ಮತ್ತೆ ಜಗತ್ತನ್ನು ಕುಣಿಸಿದರು. ‘ಡಿಸ್ಕೋ ದೀವಾನೆ’ 2012ರಲ್ಲಿ ಹಿಂದಿ ಚಿತ್ರವೊಂದರಲ್ಲಿ ಹೊಸ ವೇಷ ತೊಟ್ಟಿತು. ಅದನ್ನು ಕೇಳಲು ನಾಜಿಯಾ ಇರಲಿಲ್ಲ. ಅವರು 2000ದಲ್ಲಿ, 35ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು.

ನೀವೇ ಒಂದು ಪ್ರಯೋಗ ಮಾಡಿ. ನಿಮಗೆ ಇಷ್ಟವಾದ ಯಾವುದೇ ಕುಣಿತದ ಹಾಡು ಹಾಕಿ, ಗಡಿಯಾರ ನೋಡುತ್ತ 15 ಸೆಕೆಂಡುಗಳಲ್ಲಿ ಎಷ್ಟು ಪೆಟ್ಟು ಬೀಳುತ್ತವೆ ಎಂದು ಎಣಿಸಿ ನಾಲ್ಕರಿಂದ ಗುಣಿಸಿ. 120ರ ಆಸುಪಾಸಿನ ಸಂಖ್ಯೆ ಸಿಕ್ಕಿ, ನಾಲ್ಕು ಪೆಟ್ಟೂ ಸಮನಾಗಿದ್ದರೆ, ಆ ಹಾಡಿನ ವಂಶವೃಕ್ಷ ಯಾವುದೆಂದು ಈಗ ನಿಮಗೆ ಗೊತ್ತು. ‘ಇದೂ ಒಂದು ಸಂಗೀತವೇ?’ ಎಂದು ಯಾರಾದರೂ ಮೂಗು ಮುರಿದಾಗ, ಅದನ್ನು ಮೊದಲು ಹಾಡಿದವರು ಯಾರು, ಕುಣಿದವರು ಯಾರು ಎಂದು ಒಮ್ಮೆ ಕೇಳಿ ನೋಡಿ.