ಗಾಲಿಯ ಭಾರ, ಬ್ರೇಕಿನ ಭಾರ



ಸೋಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ನಮ್ಮ ಉಮರ್ಗಾ ಮೇಲೆ ಹಾದು ಹೋಗುತ್ತದೆ. ಆ ದಾರಿಯ ಪಂಕ್ಚರ್ ಅಂಗಡಿಗಳ ಮುಂದೆ ಎರಡು ಬಗೆಯ ಕಾರಿನ ಗಾಲಿಗಳು ಕಾಣುತ್ತವೆ. ಒಂದು ಉಕ್ಕಿನದು. ಇನ್ನೊಂದು ಹೊಳೆಯುವ ಅಲಾಯ್ ಗಾಲಿ, ಅಂದರೆ ಅಲ್ಯೂಮಿನಿಯಂ ಮಿಶ್ರಲೋಹದ್ದು. "ಅಲಾಯ್ ಹಾಕಿಸಿದರೆ ಗಾಡಿ ಹಗುರ ಆಗ್ತದ, ಜೋರು ಓಡ್ತದ" ಅಂತ ಜನ ಹೇಳುವುದನ್ನು ನೀವೂ ಕೇಳಿರಬೇಕು. ಇದು ಎಷ್ಟು ನಿಜ? ಡಿಕ್ಕಿಯಿಂದ 1 ಕಿಲೋ ಸಾಮಾನು ಇಳಿಸುವುದೂ ಗಾಲಿಯಲ್ಲಿ 1 ಕಿಲೋ ಕಡಿಮೆ ಮಾಡುವುದೂ ಒಂದೇ ಏನು? ಲೆಕ್ಕ ಮಾಡಿಯೇ ನೋಡೋಣ.

ಮೊದಲು ಒಂದು ಪ್ರಯೋಗ

ಒಂದೇ ಅಳತೆಯ ಎರಡು ದುಂಡನೆಯ ಡಬ್ಬಿ, ಒಂದೇ ಬಗೆಯ 16 ನಾಣ್ಯ, ಅಂಟುಪಟ್ಟಿ ತಗೊಳ್ರಿ. ಮೊದಲ ಡಬ್ಬಿಯ ತಳದ ನಡುವೆ 4, ಮುಚ್ಚಳದ ನಡುವೆ 4 ನಾಣ್ಯ ಅಂಟಿಸಿರಿ. ಎರಡನೆಯದರಲ್ಲಿ ಅಷ್ಟೇ ನಾಣ್ಯಗಳನ್ನು ಅಂಚಿನ ಸುತ್ತ ಸಮ ಅಂತರದಲ್ಲಿ ಅಂಟಿಸಿರಿ. ಎರಡರ ತೂಕವೂ ಒಂದೇ. ಈಗ ಓರೆಯಾಗಿಟ್ಟ ಹಲಗೆಯ ಮೇಲಿಂದ ಎರಡನ್ನೂ ಒಟ್ಟಿಗೆ ಉರುಳಿಸಿರಿ. ನಡುವೆ ಭಾರವಿರುವ ಡಬ್ಬಿ ಮೊದಲು ಕೆಳಗೆ ಬರುತ್ತದೆ!

ಯಾಕೆ? ಉರುಳುವ ವಸ್ತು ಎರಡು ಕೆಲಸ ಮಾಡುತ್ತದೆ. ಮುಂದಕ್ಕೂ ಸಾಗುತ್ತದೆ, ತನ್ನ ಸುತ್ತಲೂ ತಿರುಗುತ್ತದೆ. ಎರಡಕ್ಕೂ ಶಕ್ತಿ ಬೇಕು. ಭಾರ ಅಂಚಿನಲ್ಲಿದ್ದಷ್ಟೂ ತಿರುಗಿಸಲು ಹೆಚ್ಚು ಶಕ್ತಿ ಖರ್ಚಾಗುತ್ತದೆ.

ಒಂದು ಕಿಲೋ ಎರಡು ಕಿಲೋ ಆಗುವುದು

ಒಂಬತ್ತನೇ ಇಯತ್ತೆಯಲ್ಲಿ ಕಲಿತದ್ದು ನೆನಪಿದೆಯಲ್ಲ? ಚಲನ ಶಕ್ತಿ = ಅರ್ಧ × ದ್ರವ್ಯರಾಶಿ × ವೇಗದ ವರ್ಗ. ಕಾರು ಗಂಟೆಗೆ 72 ಕಿ.ಮೀ., ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿದೆ ಅನ್ನೋಣ. ಡಿಕ್ಕಿಯಲ್ಲಿರುವ 1 ಕಿಲೋ ಸಾಮಾನಿನ ಚಲನ ಶಕ್ತಿ 200 ಜೂಲ್. ಟೈರಿನ ಹೊರ ಅಂಚಿನಲ್ಲಿರುವ 1 ಕಿಲೋ ರಬ್ಬರು ಮುಂದಕ್ಕೆ ಸಾಗಲು 200 ಜೂಲ್, ತಿರುಗಲು ಮತ್ತೆ 200 ಜೂಲ್, ಒಟ್ಟು 400 ಜೂಲ್ ಪಡೆಯುತ್ತದೆ. ಅಂದರೆ ಅಂಚಿನ 1 ಕಿಲೋ, ಎಂಜಿನ್ನಿಗೆ 2 ಕಿಲೋ ಇದ್ದ ಹಾಗೆ.

ಒಳಗೆ ಬಂದಂತೆ ಇದು ಬೇಗ ಕಡಿಮೆಯಾಗುತ್ತದೆ. ನಡುವಿನಿಂದ ಇರುವ ದೂರವನ್ನು ಗಾಲಿಯ ತ್ರಿಜ್ಯದಿಂದ ಭಾಗಿಸಿ, ವರ್ಗ ಮಾಡಿ, 1 ಕೂಡಿಸಿರಿ. ಟೈರು ಸೇರಿ ಗಾಲಿಯ ತ್ರಿಜ್ಯ 30 ಸೆಂ.ಮೀ. ಇದ್ದು, ರಿಮ್ಮಿನ ಅಂಚು ನಡುವಿನಿಂದ 18 ಸೆಂ.ಮೀ. ದೂರದಲ್ಲಿದ್ದರೆ ಅಲ್ಲಿಯ 1 ಕಿಲೋ 1.36 ಕಿಲೋಗೆ ಸಮ. ಬ್ರೇಕ್ ಡಿಸ್ಕಿನ ಭಾರ ಸುಮಾರು 9 ಸೆಂ.ಮೀ. ದೂರದಲ್ಲಿದೆ ಅಂತ ಹಿಡಿದರೆ 1.09 ಕಿಲೋ ಮಾತ್ರ.

ಈಗ ಜನರ ಮಾತಿಗೆ ಬರೋಣ. ನಾಲ್ಕು ರಿಮ್ಮುಗಳಲ್ಲಿ ತಲಾ 2 ಕಿಲೋ ಉಳಿದರೆ ಒಟ್ಟು 8 ಕಿಲೋ. ಅದು ಹೆಚ್ಚೆಂದರೆ 11 ಕಿಲೋ ಇಳಿಸಿದ್ದಕ್ಕೆ ಸಮ. ಜನರೂ ಸೇರಿ 1000 ಕಿಲೋ ಇರುವ ಕಾರಿಗೆ ಇದು ಶೇಕಡಾ 1ರಷ್ಟೇ. ಹಾಗಾದರೆ ಪಿಕಪ್ ಸ್ವಲ್ಪವೇ ಸುಧಾರಿಸುತ್ತದೆ. ಅದೂ ವೇಗ ಹೆಚ್ಚು ಕಡಿಮೆ ಮಾಡುವಾಗ ಮಾತ್ರ. ಉದಗೀರದ ಬಜಾರಿನಲ್ಲಿ ನಿಂತು ನಿಂತು ಹೋಗುವಾಗ ಲಾಭ ಇದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ತಿರುಗಿಸುವ ಈ ಖರ್ಚು ಬರುವುದೇ ಇಲ್ಲ. ಇನ್ನೊಂದು ಮಾತು: ಅಲಾಯ್ ಎಂದ ಮಾತ್ರಕ್ಕೆ ಹಗುರ ಇರಲೇಬೇಕೆಂದಿಲ್ಲ. ಅಳತೆ ದೊಡ್ಡದಾದರೆ ತೂಕವೂ ಏರುತ್ತದೆ. ತೂಗಿ ನೋಡುವುದೇ ವಿಜ್ಞಾನ.

ನಮ್ಮ ದೇವಣಿ ಎತ್ತಿನ ಬಂಡಿಯನ್ನೂ ನೋಡ್ರಿ. ಅದರ ಗಾಲಿಯ ಅಂಚಿಗೇ ಭಾರವಾದ ಕಬ್ಬಿಣದ ಪಟ್ಟಿ ಇರುತ್ತಿತ್ತು. ಆದರೂ ಅದು ನಡೆದದ್ದು ಹೇಗೆ? ಬಂಡಿಯ ವೇಗ ಸೆಕೆಂಡಿಗೆ 1 ಮೀಟರ್ ಅಂದರೆ, ಅಂಚಿನ 10 ಕಿಲೋ ಕಬ್ಬಿಣಕ್ಕೂ ಬರೀ 10 ಜೂಲ್ ಸಾಕು. ವೇಗ 20 ಪಟ್ಟಾದರೆ ಶಕ್ತಿ 400 ಪಟ್ಟು!

ಸ್ಪ್ರಿಂಗಿನ ಕೆಳಗಿನ ಭಾರ

ಹಗುರ ಗಾಲಿಯ ದೊಡ್ಡ ಲಾಭ ಬೇರೆ ಕಡೆ ಇದೆ. ಕಾರಿನ ಮೈ ಸ್ಪ್ರಿಂಗಿನ ಮೇಲೆ ಕೂತಿದೆ. ಗಾಲಿ, ಟೈರು, ಬ್ರೇಕು ಅದರ ಕೆಳಗಿವೆ. ಮಳೆಗಾಲದಲ್ಲಿ ತಗ್ಗು ಬಿದ್ದ ರಸ್ತೆಯಲ್ಲಿ ಭಾರವಾದ ಗಾಲಿ ಜೋರಾಗಿ ಪುಟಿಯುತ್ತದೆ. ಅದನ್ನು ಮತ್ತೆ ನೆಲಕ್ಕೆ ಒತ್ತಲು ಸ್ಪ್ರಿಂಗಿಗೆ ಹೊತ್ತು ಬೇಕು. ಟೈರು ನೆಲ ಬಿಟ್ಟ ಆ ಗಳಿಗೆಯಲ್ಲಿ ಸ್ಟಿಯರಿಂಗ್ ತಿರುಗಿಸಿದರೂ ಬ್ರೇಕ್ ಒತ್ತಿದರೂ ಆ ಗಾಲಿಯಿಂದ ಉಪಯೋಗವಿಲ್ಲ. ಇಲ್ಲಿ ಬ್ರೇಕಿನ ಭಾರವೂ ಪೂರ್ತಿ ಲೆಕ್ಕಕ್ಕೆ ಬರುತ್ತದೆ.

ಹಾಗಾದರೆ ಬ್ರೇಕನ್ನೂ ಹಗುರ ಮಾಡಬಹುದಲ್ಲ?

ಇಲ್ಲೇ ಎಚ್ಚರ ಬೇಕು. ಬ್ರೇಕು ಚಲನ ಶಕ್ತಿಯನ್ನು ಶಾಖವಾಗಿಸುತ್ತದೆ. ನಮ್ಮ 1000 ಕಿಲೋ ಕಾರು 72 ಕಿ.ಮೀ. ವೇಗದಿಂದ ನಿಲ್ಲಬೇಕಾದರೆ 2 ಲಕ್ಷ ಜೂಲ್ ಶಾಖ ಹುಟ್ಟುತ್ತದೆ. 1 ಕಿಲೋ ಕಬ್ಬಿಣ 1 ಡಿಗ್ರಿ ಕಾಯಲು ಸುಮಾರು 450 ಜೂಲ್ ಬೇಕು. ನಾಲ್ಕೂ ಬ್ರೇಕುಗಳ ಕಬ್ಬಿಣ 20 ಕಿಲೋ ಇದ್ದು, ಅಷ್ಟೂ ಶಾಖ ಅದಕ್ಕೇ ಹೋದರೆ ಒಂದು ಸಲ ನಿಲ್ಲಿಸಿದಾಗ ಅದು 22 ಡಿಗ್ರಿ ಏರುತ್ತದೆ. 10 ಕಿಲೋ ಮಾತ್ರ ಇದ್ದರೆ 44 ಡಿಗ್ರಿ! ಘಾಟ್ ಇಳಿಯುವಾಗ ಆರಲು ಹೊತ್ತೇ ಸಿಗದು. ಅತಿಯಾಗಿ ಕಾದ ಪ್ಯಾಡುಗಳ ಘರ್ಷಣೆ ತಗ್ಗಿ ಬ್ರೇಕ್ ಹಿಡಿಯುವುದೇ ಇಲ್ಲ. ಅದಕ್ಕೇ ಅನುಭವಿ ಚಾಲಕರು ಘಾಟಿನಲ್ಲಿ ಕೆಳಗಿನ ಗೇರಿಗೆ ಬಂದು ಇಳಿಯುತ್ತಾರೆ.

ಹಗುರವೂ ಇರಬೇಕು, ಬೇಗ ಆರಲೂಬೇಕು. ಈ ಜಗ್ಗಾಟಕ್ಕೆ 1924ರಲ್ಲೇ ಎತ್ತೋರೆ ಬುಗಾಟಿ ಒಂದು ದಾರಿ ಹುಡುಕಿದ್ದರು. ಫ್ರಾನ್ಸಿನ ಲಿಯೋನ್ ರೇಸಿಗೆ ತಂದ 'ಟೈಪ್ 35' ಕಾರಿನಲ್ಲಿ ಅಲ್ಯೂಮಿನಿಯಂ ಗಾಲಿ ಮತ್ತು ಬ್ರೇಕ್ ಡ್ರಮ್ ಒಂದೇ ಎರಕದಲ್ಲಿದ್ದವು. ಅಲ್ಯೂಮಿನಿಯಂ ಹಗುರ, ಶಾಖವನ್ನೂ ಬೇಗ ಸಾಗಿಸುತ್ತದೆ. ಇಂದಿನ ಕೆಲವು ಡಿಸ್ಕುಗಳ ನಡುವೆ ಗಾಳಿಯಾಡಲು ಸಂದು ಬಿಟ್ಟಿರುವುದೂ ಇದಕ್ಕೇ.

ದೊಡ್ಡ ಗಾಲಿ ಹಾಕಿಸುವ ಮುನ್ನ

ಅಂದಕ್ಕಾಗಿ ಗಾಲಿ ದೊಡ್ಡದು ಮಾಡಿಸುವವರಿದ್ದಾರೆ. ಟೈರಿನೊಂದಿಗೆ ತ್ರಿಜ್ಯ 30ರಿಂದ 33 ಸೆಂ.ಮೀ. ಆಯಿತು ಅನ್ನೋಣ. ಮೊದಲು ಸರಿಯಾಗಿದ್ದ ಸ್ಪೀಡೋಮೀಟರ್ ಈಗ 60 ತೋರಿಸುವಾಗ ನಿಜವಾದ ವೇಗ 66. ಚಲನ ಶಕ್ತಿ ಶೇಕಡಾ 21 ಹೆಚ್ಚು. ಪೆಡಲನ್ನು ಅಷ್ಟೇ ಒತ್ತಿದರೆ ನೆಲದ ಮೇಲಿನ ಬ್ರೇಕ್ ಬಲ ಮಾತ್ರ ಶೇಕಡಾ 9ರಷ್ಟು ಕಡಿಮೆ. ನಿಲ್ಲುವ ದೂರ ಎಷ್ಟು ಬೆಳೆಯುತ್ತದೆ? ಶಕ್ತಿಯನ್ನು ಬಲದಿಂದ ಭಾಗಿಸಿ ನೀವೇ ಹೇಳ್ರಿ. ಉತ್ತರ ಸಿಕ್ಕ ಮೇಲೆ ಮನೆಯಲ್ಲಿ ಗಾಡಿ ಇದ್ದವರಿಗೂ ಒಮ್ಮೆ ತೋರಿಸಿರಿ.