ಟೇಲರ್ ಸಾಹೇಬರ ಹೆಂಡತಿ ಯಾರ ಮಗಳು?

ರಾಯಚೂರಿನಿಂದ ಲಿಂಗಸುಗೂರಿನ ಕಡೆ ಹೊರಟರೆ ಕಲ್ಮಲದಲ್ಲಿ ದಾರಿ ಕವಲೊಡೆಯುತ್ತದೆ. ಗಬ್ಬೂರು, ದೇವದುರ್ಗ ದಾಟಿ ತಿಂಥಣಿ ಬ್ರಿಜ್‌ನಲ್ಲಿ ಕೃಷ್ಣೆ ಹಾಯ್ದರೆ ಸುರಪುರ. ಅಲ್ಲಿಯ ಟೇಲರ್ ಮಂಜಿಲ್ ನಮ್ಮ ಭಾಗದವರಿಗೆಲ್ಲ ಗೊತ್ತು. ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಈ ಸಂಸ್ಥಾನಕ್ಕೆ ಬಂದದ್ದು, ಬಾಲಕ ರಾಜಾ ವೆಂಕಟಪ್ಪ ನಾಯಕ ಟೇಲರ್ ಅವರನ್ನು ‘ಅಪ್ಪಾ’ ಎಂದು ಕರೆದದ್ದು, 1858ರ ಬಂಡಾಯದ ಬಳಿಕ ಆ ಅರಸ ಸೆರೆಯಾಳಾಗಿಯೇ ತೀರಿಕೊಂಡದ್ದು ಇಲ್ಲಿ ಮನೆಮಾತು. ಆದರೆ ಟೇಲರ್ ಮನೆತನದ ಮಾತು ಬಂದಾಗ 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದರು ಎನ್ನುವಲ್ಲಿಗೆ ನಿಲ್ಲಿಸುತ್ತೇವೆ. ಹೆಂಡತಿಯ ಕಡೆಯಿಂದ ಹುಡುಕಿದರೆ ಸಿಗುವ ಕಥೆಯೇ ಬೇರೆ.

1832ರಲ್ಲಿ ಅವರು ಮದುವೆಯಾದ ಮೇರಿ, ಹೈದರಾಬಾದಿನ ವಿಲಿಯಂ ಪಾಮರ್ ಮಗಳು. ನಿಜಾಮ ಸರ್ಕಾರಕ್ಕೇ ಭಾರಿ ಬಡ್ಡಿಗೆ ಸಾಲ ಕೊಟ್ಟಿದ್ದ ಸಾಹುಕಾರ ಈ ಪಾಮರ್. ರೆಸಿಡೆಂಟ್ ಚಾರ್ಲ್ಸ್ ಮೆಟ್‌ಕಾಫ್ ಎದುರು ನಿಂತ ಮೇಲೆ ಅವರ ಕೋಠಿ ಮುಳುಗಿತು. ಪಾಮರ್ ತಂದೆ ವಾರನ್ ಹೇಸ್ಟಿಂಗ್ಸ್‌ಗೆ ಆಪ್ತನಾಗಿದ್ದ ಜನರಲ್ ವಿಲಿಯಂ ಪಾಮರ್. ತಾಯಿ, ಲಖನೌದ ಫೈಜ್ ಬಕ್ಷ್ ಬೇಗಂ.

ಈ ತಾಯಿಯಿಂದಲೇ ಉಳಿದದ್ದೆಲ್ಲ ಅರ್ಥವಾಗುತ್ತದೆ. ಭಾರತೀಯ ತಾಯಿಯ ಮಕ್ಕಳಿಗೆ ಕಂಪನಿಯ ಮುಲ್ಕಿ, ಫೌಜು ಎರಡೂ ನೌಕರಿ ಇಲ್ಲವೆಂದು 1791ರಲ್ಲಿ ಬಾಗಿಲು ಹಾಕಿದರು. ಜನರಲ್‌ನ ಮಗನಾದರೂ ವಿಲಿಯಂ ನಿಜಾಮನ ಫೌಜಿಗೆ ಸೇರಿದ, ಆಮೇಲೆ ವ್ಯಾಪಾರಕ್ಕಿಳಿದ. ಮುಂಬಯಿಯ ವರ್ತಕನೊಬ್ಬನನ್ನು ನಂಬಿ 1824ರಲ್ಲಿ ಬಂದ ಹುಡುಗ ಟೇಲರ್‌ಗೂ ಕೊನೆಗೆ ಅನ್ನ ಕೊಟ್ಟದ್ದು ನಿಜಾಮನ ಫೌಜೇ. ಹೀಗೆ ಎರಡು ಮನೆಗಳು ಹೈದರಾಬಾದಿನಲ್ಲಿ ಕೂಡಿದವು.

ಆ ಬೇಗಂ ಮುಖವನ್ನೂ ನಾವು ನೋಡಬಹುದು. 1785ರ ಸುಮಾರಿಗೆ ಲಖನೌದಲ್ಲಿ ಬರೆಸಿದ ಪಾಮರ್ ಕುಟುಂಬದ ತೈಲಚಿತ್ರ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಗಂಡ, ಮಕ್ಕಳ ನಡುವೆ ಆಕೆ ಕುಳಿತಿದ್ದಾಳೆ. ಕಂಪನಿ ಸಾಹೇಬರ ಜೊತೆ ಬಾಳಿದ ಎಷ್ಟೋ ಹೆಂಗಸರ ಹೆಸರೂ ಕಾಗದದಲ್ಲಿ ಉಳಿದಿಲ್ಲ, ಚಿತ್ರ ದೂರದ ಮಾತು. ಟೇಲರ್ ತೀರಿದ ಮರುವರ್ಷ, 1877ರಲ್ಲಿ, ಅವರ ಆತ್ಮಕಥೆಯನ್ನು ಹೊರತಂದ ಮಗಳು ಆಲಿಸ್‌ಗೆ ಈ ಫೈಜ್ ಬಕ್ಷ್ ಮುತ್ತಜ್ಜಿ. ಸುರಪುರದ ಸಾಹೇಬರನ್ನು ಬರೀ ಲಿವರ್‌ಪೂಲಿನವರು ಎನ್ನುವುದು ಅರ್ಧ ಸತ್ಯ ಎಂದೇ ನನ್ನ ನಂಬಿಕೆ.

ನಮ್ಮ ಮನೆಗಳ ವಂಶವೃಕ್ಷದಲ್ಲೂ ತಾಯಂದಿರ ಜಾಗ ಹೆಚ್ಚಾಗಿ ಖಾಲಿ. ನಿಜಾಮರ ಕಾಲದ ಉರ್ದು ದಾಖಲೆ ಓದಬಲ್ಲ ಹಿರಿಯರು ಊರೂರಲ್ಲಿ ಕಡಿಮೆಯಾಗುತ್ತಿದ್ದಾರೆ, ಮನೆಬಾಗಿಲಿಗೆ ಬಂದು ವಂಶಾವಳಿ ಹೇಳುವ ಹೆಳವರೂ ಅಪರೂಪವಾಗಿದ್ದಾರೆ. ಪೆಟ್ಟಿಗೆಯಲ್ಲಿ ಹಳೆಯ ಕಾಗದವಿದ್ದರೆ ಈಗಲೇ ಓದಿಸಿಕೊಳ್ಳಿ. ಅಜ್ಜಿ ಇದ್ದರೆ, ಅವರ ಅವ್ವನ ಹೆಸರು, ತವರೂರು ಕೇಳಿ ಬರೆದಿಡಿ.