ಮೂರು ತಿಂಗಳ ಪ್ರತಿಜ್ಞೆ

ಬೂದಿ ಬುಧವಾರದಂದು ನಾವು ಕೈಗೊಳ್ಳುವ ಸಂಕಲ್ಪಗಳು ಎಷ್ಟೋ ಸಲ ಗರಿಗಳ ಭಾನುವಾರದವರೆಗೂ ಉಳಿಯುವುದಿಲ್ಲ. ಅಂಥ ವೇಳೆ ಐರ್ಲೆಂಡಿನ ಡಬ್ಲಿನ್ ನಗರದ ಕೂಲಿಕಾರ ಮ್ಯಾಟ್ ಟಾಲ್ಬಟ್‌ರನ್ನು ಸ್ಮರಿಸುವುದು ಒಳಿತು.

1856ರಲ್ಲಿ ಬಡ ಕುಟುಂಬದಲ್ಲಿ ಜನಿಸಿದ ಅವರು ಬಾಲ್ಯದಲ್ಲೇ ಕುಡಿತಕ್ಕೆ ದಾಸರಾದರು. 1884ರ ಒಂದು ದಿನ ಕಾಸಿಲ್ಲದೆ ಪಾನಗೃಹದ ಹೊರಗೆ ನಿಂತಿದ್ದಾಗ ಜೊತೆಗಾರರಾರೂ ಅವರಿಗೆ ಕುಡಿಯಲು ಕೊಡಿಸಲಿಲ್ಲ. ನೊಂದು ಮನೆಗೆ ಮರಳಿದವರು ಗುರುಗಳ ಬಳಿ ಹೋಗಿ ಮದ್ಯ ಮುಟ್ಟೆನೆಂದು ಪ್ರತಿಜ್ಞೆಗೈದರು. ಜೀವಮಾನಕ್ಕಲ್ಲ, 3 ತಿಂಗಳಿಗೆ ಮಾತ್ರ. ಅದು ಮುಗಿದ ಮೇಲೆ 6 ತಿಂಗಳಿಗೆ, ಅನಂತರ ಜೀವನಪರ್ಯಂತ.

ಅವರನ್ನು ಎಚ್ಚರಿಸಿದ್ದು ಅವಮಾನ, ಕಾಪಾಡಿದ್ದು ದಿನಚರಿ. ಮುಂಜಾನೆ ಬಲಿಪೂಜೆ, ಸಂಜೆ ಪಾನಗೃಹದ ಬದಲು ದೇವಾಲಯ, ಜೇಬಿನಲ್ಲಿ ಹಣವಿಟ್ಟುಕೊಳ್ಳದ ನಿಯಮ. 1925ರಲ್ಲಿ ಬಲಿಪೂಜೆಗೆ ಹೋಗುವ ದಾರಿಯಲ್ಲೇ ಕುಸಿದು ತೀರಿಕೊಳ್ಳುವವರೆಗೂ ಅವರು ಮದ್ಯ ಮುಟ್ಟಲಿಲ್ಲ. 1975ರಲ್ಲಿ ಧರ್ಮಸಭೆ ಅವರನ್ನು ‘ವಂದನೀಯ’ರೆಂದು ಘೋಷಿಸಿತು.

ನಮ್ಮ ಮನೆಗಳಲ್ಲೂ ಚಟ ಬಿಡಲು ಹೆಣಗುವ ತಂದೆಯಿದ್ದಾರೆ, ಅಣ್ಣನಿದ್ದಾನೆ. ‘ಇನ್ನೆಂದೂ ಕುಡಿಯುವುದಿಲ್ಲ’ ಎಂಬ ಆಣೆಯನ್ನು ಅವರಿಂದ ಕೇಳುವುದು ಬೇಡ. ಒಂದು ವಾರದ ಮಾತು ಸಾಕು. ವೈದ್ಯರ ನೆರವೂ ಇರಲಿ. ವಾರ ಕಳೆದಾಗ ಅವರೊಡನೆ ಕುಳಿತು ಪ್ರಾರ್ಥಿಸಿ, ಇನ್ನೊಂದು ವಾರಕ್ಕೆ ಆ ಮಾತನ್ನು ನವೀಕರಿಸೋಣ. ಎಡವಿದರೆ ಹಂಗಿಸದೆ ಮತ್ತೆ ಆರಂಭಿಸೋಣ.